ಚಂದ್ರದ್ರೋಣದ ಗೋಡೆ ಕಟ್ಟಿದ ಕತೆ

ನನ್ನ ಕತೆಯೊಂದಕ್ಕೆ ಸುಳ್ಳು ಆಕಾಶ ಬೇಕಿತ್ತು. ಗ್ಯಾಲಕ್ಸಿಗಳೇ ಸೇರಿ ಆದ, ಬಾಗಿದ ಒಂದು ದೊಡ್ಡ ಗೋಡೆ. ಹೆಸರಿಗೆ ಕಷ್ಟಪಡಲಿಲ್ಲ. ಚಿಕ್ಕಮಗಳೂರಿನ ನಮ್ಮ ಮಹಡಿಯಿಂದ ಬಾಬಾಬುಡನ್‌ಗಿರಿ ಸಾಲು ಕಾಣುತ್ತದೆ. ಅರ್ಧಚಂದ್ರದ ಹಾಗಿರುವುದಕ್ಕೇ ಅದನ್ನು ಚಂದ್ರದ್ರೋಣ ಅನ್ನುವುದು. ನನ್ನ ಗೋಡೆಗೂ ಅದೇ ಹೆಸರು. ಉದ್ದ 100 ಕೋಟಿ ಜ್ಯೋತಿರ್ವರ್ಷ. ಜಾಸ್ತಿಯಾಯ್ತು ಅನಿಸಿದರೆ ಕೇಳಿ: 2003ರಲ್ಲಿ ಗುರುತಿಸಿದ, ಗ್ಯಾಲಕ್ಸಿಗಳದೇ ಆದ ನಿಜವಾದ ಗೋಡೆ, ಸ್ಲೋನ್ ಮಹಾಗೋಡೆ, ಸುಮಾರು 137 ಕೋಟಿ ಜ್ಯೋತಿರ್ವರ್ಷ ಉದ್ದವಿದೆ.

ಅದರ ಚಿತ್ರ ಬರೆಯಲು, ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಗ್ಯಾಲಕ್ಸಿಗೊಂದರಂತೆ ಇಪ್ಪತ್ತು ಸಾವಿರ ಚುಕ್ಕಿ ಚೆಲ್ಲಿದೆ. ನಡುವೆ ಬಿಲ್ಲಿನಂತೆ ಇನ್ನಷ್ಟು ಸುರಿದೆ. ರವೆ ಚೆಲ್ಲಿದ ತಟ್ಟೆಯ ಮೇಲೆ ಕುಂಬಳಕಾಯಿ ಹೋಳು ಇಟ್ಟ ಹಾಗೆ ಕಂಡಿತು. ಒಂದು ವಾರ ಬಣ್ಣ ಬದಲಿಸುತ್ತಾ ಕೂತೆ. ಸುಮ್ನೆ ದಂಡ.

ಆಮೇಲೆ ಭಾವನ ತೋಟಕ್ಕೆ ಹೋಗಿದ್ದೆ. ಕಣದಲ್ಲಿ ಕಾಫಿ ಒಣಗಲು ಹಾಕಿದ್ದರು. ಎಳೆದು ತಿರುವಿದ ಕಡೆ ಬೀಜ ಬದುವಾಗಿ ನಿಂತಿತ್ತು, ನಡುವೆ ಬರೀ ನೆಲ. ಆಗ ಹೊಳೆಯಿತು. ನಾನು ಬೀಜ ಮಾತ್ರ ಹಾಕುತ್ತಿದ್ದೆ, ನೆಲ ಬಿಡುತ್ತಲೇ ಇರಲಿಲ್ಲ. ನಿಜವಾದ ವಿಶ್ವದಲ್ಲಿ ಜಾಸ್ತಿ ಇರುವುದೇ ಖಾಲಿ ಜಾಗ. ಗ್ಯಾಲಕ್ಸಿಗಳು ಅದರ ಅಂಚಿಗೆ ಅಂಟಿಕೊಂಡಿವೆ.

ಈ ಸಲ ಮೊದಲು ಖಾಲಿ ಜಾಗಗಳ ನಡುಬಿಂದು ಇಟ್ಟೆ, ಆಮೇಲೆ ಚುಕ್ಕಿ ಚೆಲ್ಲಿದೆ. ಪ್ರತಿ ಚುಕ್ಕಿಯನ್ನೂ ಅದಕ್ಕೆ ಹತ್ತಿರದ ನಡುಬಿಂದುವಿನಿಂದ ದೂರ ತಳ್ಳುತ್ತಾ ಹೋದೆ. ಇನ್ನೊಂದು ನಡುಬಿಂದು ಅಷ್ಟೇ ದೂರ ಬಂದಾಗ ನಿಲ್ಲಿಸಿದೆ. ವೊರೊನಾಯ್ ಅನ್ನುವ ಹಳೇ ಲೆಕ್ಕ ಇದು. ಗೋಡೆಗಳು ತಾವಾಗೇ ಎದ್ದವು! ಬಾಗು ಬರಲು ಒಂದು ಕಡೆ ಸುತ್ತಮುತ್ತ ಬೇರೆ ನಡುಬಿಂದು ಇಡದೆ, 60 ಕೋಟಿ ಜ್ಯೋತಿರ್ವರ್ಷ ಅಗಲದ ದೊಡ್ಡ ಖಾಲಿ ಬಿಟ್ಟೆ. ನಿಜವಾದ ಆಕಾಶದಲ್ಲಿ 1981ರಲ್ಲಿ ಸಿಕ್ಕ ಬೂಟೀಸ್ ಅನ್ನುವ ದೊಡ್ಡ ಖಾಲಿ ಜಾಗವೇ ಸುಮಾರು 33 ಕೋಟಿ. ಸುಳ್ಳಿಗೆ ಅಷ್ಟು ಸಲಿಗೆ ಬೇಕಲ್ವಾ? ಅದರ ಒಂದು ಮಗ್ಗುಲಿನ ಚುಕ್ಕಿ ಅಳಿಸಿದ್ದಂತೂ ಶುದ್ಧ ಮೋಸ.

ಕತೆಯನ್ನೂ ತಿದ್ದಬೇಕಾಯಿತು. ಗ್ಯಾಲಕ್ಸಿಗಳು ದೂರದೂರದಿಂದ ಬಂದು ಸಾಲು ನಿಂತವು ಅಂತ ಬರೆದಿದ್ದೆ. ನಮ್ಮ ಕ್ಷೀರಪಥ ಸೆಕೆಂಡಿಗೆ ಸುಮಾರು 600 ಕಿಲೋಮೀಟರ್ ಸರಿಯುತ್ತಿದೆ. ಆ ವೇಗದಲ್ಲಿ ವಿಶ್ವದ ಪೂರ್ತಿ ವಯಸ್ಸು, ಅಂದರೆ 1380 ಕೋಟಿ ವರ್ಷ ಓಡಿದರೂ ಮೂರು ಕೋಟಿ ಜ್ಯೋತಿರ್ವರ್ಷ ದಾಟುವುದಿಲ್ಲ. 100 ಕೋಟಿಯ ಗೋಡೆ ನಡೆದು ಬಂದು ಆಗುವ ಮಾತಲ್ಲ. ಅದರ ಗೆರೆ ಶುರುವಿನಲ್ಲೇ ಬಿದ್ದಿರಬೇಕು. ಆ ಅಧ್ಯಾಯ ಹರಿದು ಹಾಕಿದೆ.

ಭಾವನಿಗೆ ಚಿತ್ರ ತೋರಿಸಿದೆ. "ಚಂದ್ರದ್ರೋಣ ಅಂತೀಯ, ಮುಳ್ಳಯ್ಯನಗಿರಿ ಎಲ್ಲೋ ಮಾರಾಯ?" ಅಂದರು. ಮೂರು ಗೋಡೆ ಕೂಡಿ ಚುಕ್ಕಿ ಒತ್ತಾಗಿದ್ದ ಮೂಲೆ ತೋರಿಸಿದೆ. ಗ್ಯಾಲಕ್ಸಿ ಗುಚ್ಛಗಳು ಇರುವುದೂ ಅಂಥ ಕಡೆಯೇ.