ಪಾಲಿಶಿಂಗ್ ಪ್ಯಾಡ್ ಕ್ಲೀನ್ ಮಾಡೋದು ಕೆಲ್ಸ ಮುಗಿದ್ಮೇಲೆ ಮಾತ್ರ ಅಲ್ಲ, ಮಧ್ಯದಲ್ಲೂ: ನನ್ನ ಅನುಭವ

ಕಾರ್ ಪಾಲಿಶ್ ಕಲಿಯೋಕೆ ಶುರು ಮಾಡಿದ ಹೊಸದ್ರಲ್ಲಿ ನಾನು ಪ್ಯಾಡ್ (ಮೆಷಿನ್ ತುದಿಗೆ ವೆಲ್ಕ್ರೋದಲ್ಲಿ ಅಂಟಿಸೋ, ಪೇಂಟ್ ಉಜ್ಜೋ ಫೋಮ್ ಇಲ್ಲಾ ಬಟ್ಟೆ ಬಿಲ್ಲೆ) ಬಗ್ಗೆ ಯೋಚ್ನೆನೇ ಮಾಡ್ತಿರ್ಲಿಲ್ಲ. ಯಾವ ಮೆಷಿನ್, ಯಾವ ಕಾಂಪೌಂಡ್ (ಪೇಂಟ್ ಮೇಲಿನ ಗೀರು ಉಜ್ಜಿ ತೆಗೆಯೋ ಪೇಸ್ಟ್), ಎಷ್ಟು ಸ್ಪೀಡ್, ದಿನಾ ಓದ್ತಿದ್ದಿದ್ದು ಬರೀ ಇದನ್ನೇ. ಒಂದ್ಸಲ ಒಂದು ಕಪ್ಪು ಕಾರು ಮಾಡ್ತಿದ್ದೆ, ಬಾನೆಟ್ ಅರ್ಧ ತುಂಬಾ ಚೆನ್ನಾಗಿ ಬಂತು, ನಾಲ್ಕೈದು ಸಲ ಮೆಷಿನ್ ಆಡಿಸೋಷ್ಟರಲ್ಲಿ ಸುಳಿ ಸುಳಿ ಗೆರೆ ಎಲ್ಲಾ ಮಾಯ. ಇನ್ನರ್ಧ ಬಾನೆಟ್‌ಗೆ ಬರೋಷ್ಟರಲ್ಲಿ ಅದೇ ಮೆಷಿನ್ ಅದೇ ಕಾಂಪೌಂಡ್ ಅದೇ ಕೈ, ಆದ್ರೆ ಗೆರೆ ಹೋಗ್ತಾನೇ ಇಲ್ಲ. ಸ್ಪೀಡ್ ಏರಿಸ್ದೆ, ಇನ್ನೂ ಒತ್ತಿ ಹಿಡಿದೆ, ಕಾಂಪೌಂಡ್ ಜಾಸ್ತಿ ಹಾಕ್ದೆ. ಆಗಿದ್ದೇನಂದ್ರೆ ಎಲ್ಲಾ ಕಡೆ ಬಿಳಿ ಪೌಡರ್ ಹಾರೋಕೆ ಶುರುವಾಯ್ತು, ಪೇಂಟ್ ಮೇಲೆ ಕಾಂಪೌಂಡ್ ಜಿಗುಟಾಗಿ ಅಂಟ್ಕೊಂಡು ಒರೆಸಿದ್ರೂ ಬರ್ತಿಲ್ಲ, ಮೆಷಿನ್ ತಿರುಗಿಸಿ ಪ್ಯಾಡ್ ನಡುಮಧ್ಯ ಬೆರಳಿಟ್ರೆ ಇಡೋಕಾಗದಷ್ಟು ಬಿಸಿ. ಸಂಜೆ ಹೊತ್ತಿಗೆ ಎರಡು ಪ್ಯಾಡ್‌ನಲ್ಲಿ ಫೋಮ್ ಒಂದು ಕಡೆ ವೆಲ್ಕ್ರೋ ಒಂದು ಕಡೆ, ಮಧ್ಯದಲ್ಲಿ ಅಂಟು ಬಿಟ್ಟೋಗಿತ್ತು.

ಅವತ್ತು ಕಾಂಪೌಂಡ್ ಸರಿಯಿಲ್ಲ ಅಂತಾನೇ ಅಂದ್ಕೊಂಡಿದ್ದೆ. ಎಷ್ಟೋ ದಿನ ಆದ್ಮೇಲೆ ಅರ್ಥ ಆಯ್ತು, ತಪ್ಪಿದ್ದಿದ್ದು ಪ್ಯಾಡ್ ತುಂಬ್ಕೊಂಡಿದ್ರಲ್ಲಿ.

ಪ್ಯಾಡ್ ಒಳಗೆ ಏನ್ ಸೇರ್ಕೊಳುತ್ತೆ ಅಂತ ಒಂದ್ಸಲ ನೋಡಿ. ಫೋಮ್ ಅಂದ್ರೆ ತೂತು ತೂತಿನ ಸ್ಪಂಜ್ ಅಷ್ಟೇ. ನಾವು ಹಾಕೋ ಕಾಂಪೌಂಡ್‌ನಲ್ಲಿ ಉಜ್ಜೋ ಕಣ (ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್), ಜಾರಿಕೆಗೆ ಎಣ್ಣೆ ಅಂಶ, ನೀರು, ಇನ್ನೇನೇನೋ ಇರುತ್ತೆ. ಉಜ್ಜಿದ ಹಾಗೆ ನೀರು ಆರಿಹೋಗುತ್ತೆ, ಸವೆದ ಕಣ, ಎಣ್ಣೆ, ಅದರ ಜೊತೆ ಕ್ಲಿಯರ್ ಕೋಟ್‌ನಿಂದ (ಬಣ್ಣದ ಮೇಲಿರೋ ಪಾರದರ್ಶಕ ಪದರ) ಎದ್ದ ಪುಡಿ ಎಲ್ಲಾ ಸೇರಿ ಆ ತೂತುಗಳಲ್ಲಿ ಕೂತ್ಕೊಳುತ್ತೆ. ಆಮೇಲೆ ಫೋಮ್ ಬಾಗಲ್ಲ, ಭಾರ ಆಗುತ್ತೆ, ಹೊಸ ಕಾಂಪೌಂಡ್ ಹಾಕಿದ್ರೂ ಹಳೇದರ ಜೊತೆ ಕಲಸಿ ಕೆಲ್ಸ ಮಾಡಲ್ಲ, ಉಳಿಯೋದು ಬರೀ ಬಿಸಿ. ಹಳೇ ಕಾಲದ ಸಿಂಗಲ್ ಸ್ಟೇಜ್ ಪೇಂಟ್ (ಮೇಲೆ ಕ್ಲಿಯರ್ ಕೋಟ್ ಇಲ್ಲದ್ದು) ಆದ್ರೆ ಪ್ಯಾಡ್‌ಗೆ ಕಾರಿನ ಬಣ್ಣವೇ ಹತ್ತುತ್ತೆ, ಕೆಂಪು ಕಾರಾದ್ರೆ ಪ್ಯಾಡೂ ಕೆಂಪು, ಅದು ಕಣ್ಣಿಗೆ ಕಾಣೋದ್ರಿಂದ ಯಾರಾದ್ರೂ ಕ್ಲೀನ್ ಮಾಡ್ತಾರೆ. ಕ್ಲಿಯರ್ ಕೋಟ್‌ಗೆ ಬಣ್ಣ ಇಲ್ಲ ನೋಡಿ, ಹಾಗಾಗಿ ಪ್ಯಾಡ್ ಬರೀ ಬೆಳ್ಳಗೆ ಕಾಣುತ್ತೆ, ಕಾಂಪೌಂಡ್ ಅಷ್ಟೇ ಇರೋದು ಅಂತ ಬಿಟ್ಬಿಡ್ತೀವಿ. ನಾನೂ ಹಾಗೇ ಬಿಟ್ಟಿದ್ದೆ.

ಈಗ ನಾನು ಮಾಡೋದು ಹೀಗೆ. ಒಂದ್ಸಲಕ್ಕೆ ಎರಡಡಿ ಉದ್ದ ಎರಡಡಿ ಅಗಲ ಜಾಗ ಮಾತ್ರ ತಗೋತೀನಿ. ಆ ಜಾಗ ಮುಗೀತು ಅಂದ್ರೆ ಮುಂದಿನ ಹನಿ ಪಾಲಿಶ್ ಹಾಕೋ ಮೊದ್ಲು ಪ್ಯಾಡ್ ಕ್ಲೀನ್ ಆಗ್ಲೇಬೇಕು, ಇದಕ್ಕೆ ರಿಯಾಯಿತಿ ಇಲ್ಲ. ಫೋಮ್ ಪ್ಯಾಡ್ ಆದ್ರೆ ನನಗೆ ಒಗ್ಗಿದ್ದು ಟವೆಲ್. ದಪ್ಪ ಟರ್ಕಿ ಟವೆಲ್ ಇಲ್ಲಾ ದಪ್ಪ ಮೈಕ್ರೋಫೈಬರ್ ಬಟ್ಟೆನ ನಾಲ್ಕು ಮಡಿಕೆ ಮಾಡಿ ಎಡಗೈ ಅಂಗೈಲಿ ಇಟ್ಕೋತೀನಿ, ತುದಿ ಯಾವ್ದೂ ಜೋತಾಡದ ಹಾಗೆ ಒಳಗೆ ಮಡಚಿರ್ತೀನಿ. ಪ್ಯಾಡ್‌ನ ಟವೆಲ್ ಮೇಲೆ ಒತ್ತಿ ಹಿಡ್ದು ಕಮ್ಮಿ ಸ್ಪೀಡ್‌ನಲ್ಲಿ ಐದಾರು ಸೆಕೆಂಡ್ ಓಡಿಸ್ತೀನಿ. ಪ್ಯಾಡ್ ಒಳಗಿನ ಎಣ್ಣೆ, ಪುಡಿ ಟವೆಲ್‌ಗೆ ಬರುತ್ತೆ. ತೆಗೆದು ನೋಡಿದ್ರೆ ಟವೆಲ್ ಮೇಲೆ ಬೂದು ಬಣ್ಣದ ಒಂದು ಉಂಗುರ ಬಿದ್ದಿರುತ್ತೆ, ಅದರ ಮೇಲೆ ಬೆರಳಾಡಿಸಿದ್ರೆ ನುಣ್ಣಗೆ ಜಿಡ್ಡು ಜಿಡ್ಡಾಗಿರುತ್ತೆ. ಟವೆಲ್‌ನ ಇನ್ನೊಂದು ಒಣ ಜಾಗಕ್ಕೆ ತಿರುಗಿಸಿ ಮತ್ತೆ ಒತ್ತಿದಾಗ ಉಂಗುರ ತೆಳ್ಳಗಾದ್ರೆ ಸಾಕು, ಮುಂದಕ್ಕೆ ಹೋಗ್ತೀನಿ. ಮತ್ತೆ ಅಷ್ಟೇ ದಪ್ಪ ಉಂಗುರ ಬಿತ್ತು ಅಂದ್ರೆ ಆ ಪ್ಯಾಡ್ ತುಂಬಿದೆ ಅಂತ ಅರ್ಥ, ಮೆಷಿನ್‌ನಿಂದ ತೆಗೆದು ಬೇರೆ ಹಾಕೋತೀನಿ. ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು, ಈ ಟವೆಲ್ ಕೆಲ್ಸ ಡಿಎ (ಡ್ಯುಯಲ್ ಆಕ್ಷನ್, ಸುತ್ತುತ್ತಾ ಜೊತೆಗೆ ಅಲುಗಾಡೋ, ಜೋರಾಗಿ ಒತ್ತಿದ್ರೆ ಸುತ್ತೋದು ನಿಲ್ಲೋ) ಮೆಷಿನ್‌ನಲ್ಲಿ ಮಾತ್ರ. ಬರೀ ಗುಂಡಗೆ ಸುತ್ತೋ ರೋಟರಿ ಮೆಷಿನ್‌ನಲ್ಲಿ ಮಾಡೋಕೆ ಹೋಗ್ಬೇಡಿ, ಅದು ಎಷ್ಟೇ ಒತ್ತಿದ್ರೂ ನಿಲ್ಲಲ್ಲ, ಬಟ್ಟೆನ ಕೈ ಸಮೇತ ಸುತ್ಕೊಂಡುಬಿಡುತ್ತೆ.

ಬ್ರಷ್ಷೂ ಇಟ್ಕೊಂಡಿದೀನಿ, ನೈಲಾನ್ ಎಳೆಯದು. ಫೋಮ್‌ಗೆ ಮೆದು ಬ್ರಷ್ಷೇ ಬೇಕು, ಗಟ್ಟಿ ಬ್ರಷ್ ಹಾಕಿ ತಿಕ್ಕಿದ್ರೆ ಫೋಮ್ ಚೂರು ಚೂರಾಗಿ ಕಿತ್ಕೊಂಡ್ ಬರುತ್ತೆ, ಅದರಲ್ಲೂ ಕೊನೇ ಹೊಳಪಿಗೆ ಬಳಸೋ ಫಿನಿಶಿಂಗ್ ಪ್ಯಾಡ್ ತುಂಬಾ ನಾಜೂಕು. ಬ್ರಷ್‌ನ ನಿಜವಾದ ಉಪಯೋಗ ಮೈಕ್ರೋಫೈಬರ್ ಪ್ಯಾಡ್‌ಗೆ ಮತ್ತೆ ಉಣ್ಣೆ ಪ್ಯಾಡ್‌ಗೆ. ಅವುಗಳಲ್ಲಿ ತೂತಿರಲ್ಲ, ಎಳೆ ಇರುತ್ತೆ, ಆ ಎಳೆಗಳು ಕಾಂಪೌಂಡ್ ಕುಡ್ದು ಒಂದಕ್ಕೊಂದು ಅಂಟಿ ಚಪ್ಪಟೆಯಾಗಿ ಮಲಗಿಬಿಡ್ತವೆ, ಮಲಗಿದ ಎಳೆ ಉಜ್ಜಲ್ಲ, ಜಾರುತ್ತೆ ಅಷ್ಟೇ. ಬ್ರಷ್ ಹಾಕಿ ಎಳೆನ ಎಬ್ಬಿಸ್ಬೇಕು. ಕಂಪ್ರೆಸರ್ ಇದ್ರೆ ಇವಕ್ಕೆ ಗಾಳಿಗಿಂತ ಒಳ್ಳೇದು ಇನ್ನೊಂದಿಲ್ಲ, ಪ್ಯಾಡ್‌ಗೆ ನೇರ ಹಿಡೀದೆ ಸ್ವಲ್ಪ ಓರೆಯಾಗಿ ಹಿಡ್ದು ಅಂಚಿಂದ ಅಂಚಿಗೆ ಹೊಡೆದ್ರೆ ಪುಡಿ ಹೊಗೆ ಥರ ಎದ್ದು ಹೋಗುತ್ತೆ, ಎಳೆ ಹೊಸದರ ಹಾಗೆ ನೆಟ್ಟಗೆ ನಿಲ್ಲುತ್ತೆ. ಕಾರಿಂದ ದೂರ ಹೋಗಿ ಹೊಡೀರಿ, ಮಾಸ್ಕು ಕನ್ನಡಕ ಹಾಕ್ಕೊಳ್ಳಿ, ಆ ಪುಡಿ ಶ್ವಾಸಕೋಶಕ್ಕೆ ಹೋಗೋ ಅಂಥದ್ದಲ್ಲ. ಫೋಮ್‌ಗೂ ಗಾಳಿ ಹೊಡೀಬಹುದು, ಆದ್ರೆ ವೆಲ್ಕ್ರೋ ಸೇರೋ ಅಂಚಿಗೆ ಹೊಡೀಬೇಡಿ, ಅಲ್ಲಿಂದಲೇ ಅಂಟು ಬಿಡೋಕೆ ಶುರುವಾಗೋದು.

ಪ್ಯಾಡ್ ಎಷ್ಟಿರ್ಬೇಕು ಅಂತ ಕೇಳಿದ್ರೆ, ಒಂದು ಕಾರಿಗೆ ಒಂದು ಸ್ಟೆಪ್‌ಗೆ (ಗೀರು ಸವೆಸೋ ಕಟಿಂಗ್, ಹೊಳಪು ಕೊಡೋ ಫಿನಿಶಿಂಗ್, ಹೀಗೆ ಒಂದೊಂದು ಹಂತಕ್ಕೆ) ಕಮ್ಮಿ ಅಂದ್ರೂ ನಾಲ್ಕು. ಒಂದೇ ಪ್ಯಾಡ್‌ನಲ್ಲಿ ಇಡೀ ಕಾರು ಮುಗಿಸೋಕೆ ಹೋಗಿ ನಾನು ಹಾಳು ಮಾಡಿದ ಪ್ಯಾಡ್‌ಗಳ ಲೆಕ್ಕ ಹಾಕಿದ್ರೆ ಒಂದು ದೊಡ್ಡ ಸೆಟ್ಟೇ ಬರ್ತಿತ್ತು. ನಾಲ್ಕು ಇದ್ರೆ ಒಂದು ಕೆಲ್ಸ ಮಾಡೋವಾಗ ಉಳಿದಿದ್ದು ತಣ್ಣಗಾಗ್ತಿರುತ್ತೆ, ಬಿಸಿ ಪ್ಯಾಡ್‌ಗೆ ಅದೇ ದೊಡ್ಡ ಔಷಧಿ.

ಇನ್ನು ಕೆಲ್ಸ ಮುಗಿದ ಮೇಲೆ ತೊಳೆಯೋದು. ಇಲ್ಲಿ ನಾನು ಮಾಡಿದ ತಪ್ಪು ಒಂದು ಹೇಳ್ಬೇಕು, ಯಾಕಂದ್ರೆ ಇದು ಬೇರೆಯವರ ಕಾರಿಗೆ ಪೆಟ್ಟು ಕೊಟ್ಟಿದ್ದು, ಈಗ್ಲೂ ನೆನಪಾದ್ರೆ ಬೇಜಾರಾಗುತ್ತೆ. ಒಂದು ದಿನ ರಾತ್ರಿ ತಡ ಆಗಿತ್ತು ಅಂತ ಪ್ಯಾಡ್‌ಗಳನ್ನ ಹಾಗೇ ಬ್ಯಾಗ್‌ಗೆ ತುಂಬಿಟ್ಟೆ. ಎರಡು ದಿನ ಬಿಟ್ಟು ತೆಗೆದಾಗ ಮೇಲೆ ಗಟ್ಟಿ ಪದರ, ಒತ್ತಿದ್ರೆ ಕರಕರ ಅಂತಿತ್ತು. ನೀರಲ್ಲಿ ನೆನೆಸಿ, ಸೋಪ್ ಹಾಕಿ, ಮೂರ್ನಾಲ್ಕು ಸಲ ತೊಳೆದೆ, ಕಣ್ಣಿಗೆ ಹೊಸದರ ಥರಾನೇ ಕಾಣ್ತು, ಒಣಗಿಸಿ ಮುಂದಿನ ಕಾರಿನ ಬಾನೆಟ್‌ಗೆ ಹಾಕ್ದೆ. ಒರೆಸಿ ಲೈಟ್ ಹಿಡಿದಾಗ ಪಾಲಿಶ್ ಮಾಡಿದ ಜಾಗದಲ್ಲಿ ಮೊದ್ಲು ಇಲ್ಲದ ಗೀರುಗಳು, ಸಣ್ಣ ಸಣ್ಣ ಕಮಾನಿನ ಥರ, ಮೆಷಿನ್ ಸುತ್ತಿದ ದಾರೀಲೇ. ಮನೆಗೆ ಬಂದು ಆ ಪ್ಯಾಡ್‌ನ ಚಾಕುಲಿ ಅಡ್ಡಕ್ಕೆ ಕೊಯ್ದು ನೋಡ್ದೆ. ಮೇಲ್ಮೈ ಸ್ವಚ್ಛ, ಆದ್ರೆ ಒಂದು ಸೆಂಟಿಮೀಟರ್ ಒಳಗೆ ಬಿಳಿ ಹರಳಿನ ಥರ ಒಣಗಿದ ಕಾಂಪೌಂಡ್ ಗುಂಪು ಗುಂಪಾಗಿ ಕೂತಿತ್ತು, ಉಗುರಲ್ಲಿ ಕೆರೆದ್ರೆ ಉಪ್ಪುಕಾಗದ ಮುಟ್ಟಿದ ಹಾಗೆ. ಒತ್ತಿ ಓಡಿಸಿದಾಗ ಅದೇ ಮೇಲಕ್ಕೆ ಬಂದು ಗೀರಿದ್ದು. ಬಾನೆಟ್ ಮತ್ತೆ ಮೊದಲಿಂದ ಮಾಡಿಕೊಟ್ಟೆ, ಆದ್ರೆ ಒಂದ್ಸಲ ಸವೆಸಿದ ಕ್ಲಿಯರ್ ಕೋಟ್ ವಾಪಸ್ ಬರಲ್ಲ ಅಲ್ವಾ.

ಅವತ್ತಿಂದ ಕೆಲ್ಸ ಶುರು ಮಾಡೋ ಮೊದ್ಲೇ ಒಂದು ಬಕೆಟ್ ರೆಡಿ ಇರುತ್ತೆ, ಅದರಲ್ಲಿ ಉಗುರು ಬೆಚ್ಚಗಿನ ನೀರು, ಸ್ವಲ್ಪ ಪ್ಯಾಡ್ ಕ್ಲೀನರ್. ಅದು ಇಲ್ದಿದ್ರೆ ಆಲ್ ಪರ್ಪಸ್ ಕ್ಲೀನರ್ ಒಂದು ಪಾಲಿಗೆ ನೀರು ಹತ್ತು ಪಾಲು, ಅದೂ ಇಲ್ಲಾಂದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ ಕೆಲವು ಹನಿ. ತುಂಬಿದ ಪ್ಯಾಡ್ ಮೆಷಿನ್‌ನಿಂದ ಬಿಚ್ಚಿದ ತಕ್ಷಣ ಬಕೆಟ್‌ಗೆ. ಒಣಗೋಕೆ ಟೈಮೇ ಕೊಡಬಾರ್ದು. ಆದ್ರೆ ಅಲ್ಲೇ ರಾತ್ರಿಯೆಲ್ಲಾ ಬಿಡೋದೂ ತಪ್ಪು, ನೀರು ಅಂಟಿನ ಒಳಗೆ ಇಳಿದು ವೆಲ್ಕ್ರೋ ಬಿಟ್ಕೊಳುತ್ತೆ, ಅರ್ಧ ಗಂಟೆ ಮೇಲೆ ನಾನು ಬಿಡಲ್ಲ. ಹಾಗಾಗಿ ಊಟಕ್ಕೆ ಹೋಗೋ ಮುಂಚೆ ಬೆಳಗ್ಗಿನ ಪ್ಯಾಡ್ ತೊಳೆದೇ ಹೋಗೋದು. ಬೇಗ ಕ್ಲೀನ್ ಆಗ್ಲಿ ಅಂತ ಕುದಿಯೋ ನೀರು ಹಾಕೋರನ್ನೂ ನೋಡಿದೀನಿ, ಬೇಡ, ಕುದಿಯೋ ನೀರು ಅಂಟನ್ನ ಮೆತ್ತಗೆ ಮಾಡುತ್ತೆ.

ತೊಳೆಯೋವಾಗ ಹಿಂಡಿ ತಿರುಚಬಾರ್ದು. ಪ್ಯಾಡ್‌ನ ಎರಡು ಅಂಗೈ ಮಧ್ಯ ಇಟ್ಟು ಒತ್ತಿ ಬಿಡೋದು, ಒತ್ತಿ ಬಿಡೋದು, ಜೊತೆಗೆ ಹೆಬ್ಬೆರಳಲ್ಲಿ ಮಧ್ಯದಿಂದ ಅಂಚಿನ ಕಡೆಗೆ ತಳ್ಳೋದು. ಮಧ್ಯಭಾಗದಲ್ಲೇ ಜಾಸ್ತಿ ಕೊಳೆ ಕೂತಿರೋದು, ಅಲ್ಲಿ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ. ಮೊದಲ ನೀರು ಹಾಲಿನ ಥರ ಬೆಳ್ಳಗೆ ಬರುತ್ತೆ, ಆಮೇಲೆ ಮಸುಕು, ಆಮೇಲೆ ತಿಳಿ. ನೀರು ತಿಳಿಯಾದ್ರೂ ನೊರೆ ಬರ್ತಿದ್ರೆ ಇನ್ನೂ ಮುಗಿದಿಲ್ಲ, ಒಳಗುಳಿದ ಸೋಪು ಮುಂದಿನ ಸಲ ಪಾಲಿಶ್ ಜೊತೆ ಸೇರಿ ಅದರ ಕೆಲ್ಸ ಕೆಡಿಸುತ್ತೆ. ಮೈಕ್ರೋಫೈಬರ್ ಪ್ಯಾಡ್‌ನ ನಾನು ಬಟ್ಟೆ ಒಗೆಯೋ ಮೆಷಿನ್‌ಗೂ ಹಾಕ್ತೀನಿ, ನೆಟ್ ಬ್ಯಾಗ್ ಒಳಗಿಟ್ಟು ತಣ್ಣೀರಲ್ಲಿ ಜೆಂಟಲ್ ಮೋಡ್, ಫ್ಯಾಬ್ರಿಕ್ ಕಂಡೀಷನರ್ ಒಂದು ಹನಿಯೂ ಇಲ್ಲ. ಫೋಮ್ ಪ್ಯಾಡ್ ಮಾತ್ರ ಯಾವತ್ತೂ ಕೈಯಲ್ಲೇ.

ವ್ಯಾಕ್ಸ್ ಮತ್ತೆ ಸೀಲಂಟ್ (ಪಾಲಿಶ್ ಆದ್ಮೇಲೆ ಪೇಂಟ್ ಕಾಯೋಕೆ ಹಚ್ಚೋವು) ಹಾಕೋ ಪ್ಯಾಡ್ ಬೇರೆ ಡಬ್ಬಿ. ವ್ಯಾಕ್ಸ್‌ನ ಜಿಡ್ಡು ಎಷ್ಟು ತೊಳೆದ್ರೂ ಸ್ವಲ್ಪ ಉಳಿಯುತ್ತೆ, ಆ ಪ್ಯಾಡ್‌ನಲ್ಲಿ ಆಮೇಲೆ ಕಾಂಪೌಂಡ್ ಹಾಕಿದ್ರೆ ಜಾರುತ್ತೆ ಹೊರತು ಉಜ್ಜಲ್ಲ. ಬಣ್ಣ ನೋಡಿ ಗುರುತು ಹಿಡೀತೀನಿ ಅಂದ್ರೆ ಆಗಲ್ಲ, ಒಂದು ಕಂಪನಿಯ ಕಿತ್ತಳೆ ಪ್ಯಾಡ್ ಇನ್ನೊಂದು ಕಂಪನಿಯ ಕಿತ್ತಳೆ ಅಲ್ಲ, ಒಬ್ರು ಕಟಿಂಗ್‌ಗೆ ಇಟ್ಟ ಬಣ್ಣ ಇನ್ನೊಬ್ರು ಫಿನಿಶಿಂಗ್‌ಗೆ ಇಟ್ಟಿರ್ತಾರೆ. ನಾನು ವೆಲ್ಕ್ರೋ ಬದಿಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಕ, ಪಾ, ವ್ಯಾ ಅಂತ ಬರೆದಿಡ್ತೀನಿ, ಕಟಿಂಗು, ಪಾಲಿಶು, ವ್ಯಾಕ್ಸು.

ಒಣಗಿಸೋ ವಿಷಯ. ತೊಳೆದ ಪ್ಯಾಡ್‌ನ ಮೆಷಿನ್‌ಗೆ ಹಾಕಿ, ಖಾಲಿ ಬಕೆಟ್ ಒಳಗೆ ಇಳಿಸಿ, ಅತಿ ಕಮ್ಮಿ ಸ್ಪೀಡ್‌ನಲ್ಲಿ ಸ್ವಲ್ಪ ಹೊತ್ತು ಸುತ್ತಿಸಿದ್ರೆ ತುಂಬಾ ನೀರು ಬಕೆಟ್ ಗೋಡೆಗೆ ಚಿಮ್ಮಿ ಹೋಗುತ್ತೆ, ಮೆಷಿನ್‌ಗೆ ನೀರು ತಾಗದ ಹಾಗೆ ನೋಡ್ಕೊಳ್ಳಿ. ಆಮೇಲೆ ಒಣ ಟವೆಲ್ ಮೇಲೆ ಫೋಮ್ ಕೆಳಗೆ ವೆಲ್ಕ್ರೋ ಮೇಲೆ ಮಾಡಿ ಇಡ್ತೀನಿ, ನೀರು ಇಳಿದ್ರೆ ಫೋಮ್ ಕಡೆಗೆ ಇಳೀಲಿ, ಅಂಟಿನ ಕಡೆಗೆ ಬೇಡ ಅಂತ. ನೆರಳಲ್ಲಿ, ಗಾಳಿ ಆಡೋ ಕಡೆ. ಬಿಸಿಲಿಗಿಟ್ರೆ ಬೇಗ ಒಣಗುತ್ತೆ ನಿಜ, ಆದ್ರೆ ಫೋಮ್ ಹಳದಿ ತಿರುಗಿ ಕ್ರಮೇಣ ಪುಡಿ ಪುಡಿ ಆಗುತ್ತೆ. ಒಂದು ಪೂರ್ತಿ ದಿನ, ದಪ್ಪ ಪ್ಯಾಡ್‌ಗೆ ಎರಡು ದಿನ ಬೇಕು. ಮೇಲೆ ಒಣಗಿದೆ ಅನ್ಸಿದ್ರೂ ಒಳಗೆ ತೇವ ಇರುತ್ತೆ, ಟಿಶ್ಯೂ ಪೇಪರ್ ಇಟ್ಟು ಜೋರಾಗಿ ಒತ್ತಿ ನೋಡ್ತೀನಿ, ಪೇಪರ್ ಸ್ವಲ್ಪ ಒದ್ದೆಯಾದ್ರೂ ಮತ್ತೆ ಟವೆಲ್ ಮೇಲೆ. ಒದ್ದೆ ಪ್ಯಾಡ್‌ನಲ್ಲಿ ಶುರು ಮಾಡಿದ್ರೆ ಪಾಲಿಶ್ ನೀರಾಗುತ್ತೆ, ಗೋಡೆ ಕಿಟಕಿ ಎಲ್ಲಾ ಕಡೆ ಚಿಮ್ಮುತ್ತೆ, ಗೆರೆನೂ ಸರಿಯಾಗಿ ಹೋಗಲ್ಲ. ಪೂರ್ತಿ ಒಣಗಿದ ಮೇಲೆ ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರ್‌ಗೆ ಹಾಕಿ ಮೇಲೆ ಭಾರ ಇಡದೆ ಎತ್ತಿಡ್ತೀನಿ. ತೇವ ಇರೋವಾಗ ಕವರ್ ಹಾಕಿದ್ರೆ ಬೂಸ್ಟು ಹಿಡಿದು ವಾಸನೆ ಬರುತ್ತೆ. ಮೆಷಿನ್ ಮೇಲೇ ಪ್ಯಾಡ್ ಬಿಟ್ಟು ಎತ್ತಿಡೋದೂ ಬೇಡ, ಒಂದೇ ಕಡೆ ಒತ್ತಿ ಫೋಮ್ ವಾಲಿಬಿಡುತ್ತೆ.

ಬ್ಯಾಕಿಂಗ್ ಪ್ಲೇಟ್, ಅಂದ್ರೆ ಮೆಷಿನ್‌ನಲ್ಲಿ ಪ್ಯಾಡ್ ಅಂಟೋ ತಟ್ಟೆ, ಅದನ್ನ ಮರೀಬೇಡಿ. ಅದರ ಕೊಕ್ಕೆಗಳಲ್ಲಿ ನೂಲು, ಕೂದಲು, ಒಣ ಕಾಂಪೌಂಡ್ ಸಿಕ್ಕಿಕೊಂಡಿರುತ್ತೆ, ಹಳೇ ಟೂತ್ ಬ್ರಷ್ ತಗೊಂಡು ಕೆರೆದ್ರೆ ಹೊರಗೆ ಬರುತ್ತೆ. ಬಿಸಿಗೆ ಕೊಕ್ಕೆಗಳ ತುದಿ ಕರಗಿ ಮೊಂಡಾಗಿದ್ರೆ ಪ್ಲೇಟೇ ಬದಲಾಯಿಸಿ, ಓಡ್ತಾ ಓಡ್ತಾ ಪ್ಯಾಡ್ ಹಾರಿಹೋಗಿ ಬರೀ ಪ್ಲೇಟು ಪೇಂಟ್‌ಗೆ ತಾಗಿದ್ರೆ ಸರಿ ಮಾಡೋಕೆ ಪಾಲಿಶ್ ಸಾಲಲ್ಲ.

ಮುಂದಿನ ಸಲ ಪ್ಯಾಡ್ ಹಾಕೋ ಮೊದ್ಲು ಒಂದು ನಿಮಿಷ ಬೆಳಕಲ್ಲಿ ನೋಡ್ತೀನಿ. ಮಧ್ಯಕ್ಕೆ ಬಾಗಿಸಿ ತೂತುಗಳ ಒಳಗೆ ನೋಡೋದು, ಅಂಗೈ ಒತ್ತಿ ಸವರೋದು, ವೆಲ್ಕ್ರೋ ಅಂಚನ್ನ ಮೆಲ್ಲಗೆ ಎಳೆದು ನೋಡೋದು, ಬೆರಳಲ್ಲಿ ಅದುಮಿ ಬಿಟ್ಟಾಗ ಫೋಮ್ ತಕ್ಷಣ ಎದ್ದು ಬರುತ್ತಾ ಅಂತ. ಕೆಲ್ಸದ ಮಧ್ಯ ಕೈಜಾರಿ ನೆಲಕ್ಕೆ ಬಿದ್ದ ಪ್ಯಾಡ್ ಎಷ್ಟೇ ಹೊಸದಾದ್ರೂ ತೊಳೆಯದೆ ಮತ್ತೆ ಮುಟ್ಟಿಸಲ್ಲ. ಗಟ್ಟಿಯಾಗಿದ್ದು, ಅಂಚು ಹರಿದಿದ್ದು, ಎದ್ದು ಬರದೇ ಇದ್ದಿದ್ದು ಪೇಂಟ್ ಕೆಲ್ಸದಿಂದ ನಿವೃತ್ತಿ. ಅವನ್ನ ಎಸೆಯಲ್ಲ, ಮಾರ್ಕರ್‌ನಲ್ಲಿ ದೊಡ್ಡದಾಗಿ ಒಂದು ಕಾಟು ಹೊಡೆದು ಬೇರೆ ಡಬ್ಬಿಗೆ ಹಾಕ್ತೀನಿ, ಹೆಡ್‌ಲೈಟ್ ಉಜ್ಜೋಕೆ, ಸೈಲೆನ್ಸರ್ ತುದಿ ಉಜ್ಜೋಕೆ ಆಗುತ್ತೆ. ಆ ಡಬ್ಬಿಯಿಂದ ಯಾವ ಪ್ಯಾಡೂ ಮತ್ತೆ ಬಾನೆಟ್ ಕಡೆ ಬರಲ್ಲ.