ಎಸ್‌ಡಿಕೆ ಬಳಸಿ ಇಥೀರಿಯಂ ಜಾಲಕ್ಕೆ ಆ್ಯಪ್ ಬರೆಯುವ ಬಗೆ

ಇಥೀರಿಯಂನಂತಹ ವಿಕೇಂದ್ರೀಕೃತ ಜಾಲಕ್ಕೆ ಆ್ಯಪ್ ಬರೆಯುವವರು ಅಲ್ಲಿನ ನೋಡ್‌ಗಳಿಗೆ (ಜಾಲವನ್ನು ನಡೆಸುವ ಕಂಪ್ಯೂಟರ್‌ಗಳಿಗೆ) ಜೆಸನ್-ಆರ್‌ಪಿಸಿ ಎಂಬ ವಿನಂತಿ ಮಾದರಿಯ ಕರೆಗಳನ್ನು ಕೈಯಾರೆ ರಚಿಸಿ ಕಳುಹಿಸಬೇಕಾಗಿಲ್ಲ. ಈಥರ್ಸ್‌ನಂತಹ ಎಸ್‌ಡಿಕೆ (ಆ್ಯಪ್ ಬರೆಯಲು ನೆರವಾಗುವ ಸಿದ್ಧ ಕೋಡ್‌ನ ಕಟ್ಟು) ಅವನ್ನು ಜಾವಾಸ್ಕ್ರಿಪ್ಟ್ ಫಂಕ್ಷನ್‌ಗಳಾಗಿ ಒದಗಿಸುತ್ತದೆ. ಆದರೆ ಕಳುಹಿಸಿದ ವಹಿವಾಟು ನಿಜಕ್ಕೂ ನೆರವೇರಿತೇ ಎಂಬುದನ್ನು ಬಳಕೆದಾರರಿಗೆ ಸರಿಯಾಗಿ ತಿಳಿಸುವ ಹೊಣೆ ಆ್ಯಪ್ ಬರೆದವರದೇ.

ನೋಡ್.ಜೆಎಸ್ ಮತ್ತು ಈಥರ್ಸ್‌ನ 6ನೇ ಆವೃತ್ತಿಯನ್ನು ಅಳವಡಿಸಿಕೊಂಡು, ಸೆಪೋಲಿಯಾ ಎಂಬ ಪರೀಕ್ಷಾ ಜಾಲದಲ್ಲಿ ಕೆಲಸ ಆರಂಭಿಸಿ. ಅದರ ಚೈನ್ ಐಡಿ, ಅಂದರೆ ಜಾಲದ ಗುರುತು ಸಂಖ್ಯೆ, 11155111. ಆ್ಯಪ್ ತೆರೆದೊಡನೆ ವ್ಯಾಲೆಟ್ (ಬಳಕೆದಾರರ ಖಾಸಗಿ ಕೀಲಿಯನ್ನು ಇಟ್ಟುಕೊಂಡು ವಹಿವಾಟಿಗೆ ಸಹಿ ಹಾಕುವ ತಂತ್ರಾಂಶ) ಇದೇ ಜಾಲದಲ್ಲಿದೆಯೇ ಎಂದು ಪರಿಶೀಲಿಸಿ.

ಮೊದಲಿಗೆ ಒಂದು ವಿಳಾಸದ ಬ್ಯಾಲೆನ್ಸ್ ಓದಿ ನೋಡಿ. ಉತ್ತರ ಬರುವುದು ಈ ಜಾಲದ ನಾಣ್ಯವಾದ ಈಥರ್‌ನಲ್ಲಲ್ಲ, ಅದರ ಅತಿ ಚಿಕ್ಕ ಘಟಕವಾದ ವೇಯಲ್ಲಿ. 1 ಈಥರ್‌ಗೆ 10ರ ಘಾತ 18ರಷ್ಟು ವೇ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು 9007199254740991ರವರೆಗೆ ಮಾತ್ರ ಪೂರ್ಣಾಂಕಗಳನ್ನು ನಿಖರವಾಗಿ ಹಿಡಿದಿಡುತ್ತವೆ, ಕೇವಲ 0.01 ಈಥರ್ ಕೂಡ ವೇ ಲೆಕ್ಕದಲ್ಲಿ ಈ ಮಿತಿಯನ್ನು ದಾಟಿಬಿಡುತ್ತದೆ. ಆದ್ದರಿಂದಲೇ ಎಸ್‌ಡಿಕೆ ದೊಡ್ಡ ಪೂರ್ಣಾಂಕಗಳನ್ನೂ ನಿಖರವಾಗಿ ಹಿಡಿದಿಡುವ ಬಿಗ್‌ಇಂಟ್ ಕೊಡುತ್ತದೆ. ಲೆಕ್ಕವನ್ನೆಲ್ಲ ಅದರಲ್ಲೇ ಮಾಡಿ, ಪರದೆಯಲ್ಲಿ ತೋರಿಸುವಾಗ ಮಾತ್ರ ಈಥರ್‌ಗೆ ಪರಿವರ್ತಿಸಿ.

ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನೊಂದಿಗೆ (ಜಾಲದಲ್ಲೇ ನೆಲೆಸಿ ನಡೆಯುವ ಪ್ರೋಗ್ರಾಂನೊಂದಿಗೆ) ವ್ಯವಹರಿಸಲು ಅದರ ವಿಳಾಸ ಮತ್ತು ಎಬಿಐ, ಅಂದರೆ ಅದರ ಫಂಕ್ಷನ್‌ಗಳ ವಿವರಪಟ್ಟಿ, ಬೇಕು. ಮಾಹಿತಿ ಓದಲು ಗ್ಯಾಸ್ (ಜಾಲದಲ್ಲಿ ನಡೆಯುವ ಕೆಲಸದ ಅಳತೆ) ಶುಲ್ಕವಿಲ್ಲ, ಬದಲಿಸಲು ಸಹಿಯೂ ಶುಲ್ಕವೂ ಅಗತ್ಯ. ಸಹಿಯನ್ನು ಬಳಕೆದಾರರ ವ್ಯಾಲೆಟ್‌ಗೇ ಬಿಡಿ. ಬ್ರೌಸರ್‌ಗೆ ಹೋಗುವ ಕೋಡ್‌ನಲ್ಲಿ ಖಾಸಗಿ ಕೀಲಿಯನ್ನು ಇಟ್ಟರೆ ಅದನ್ನು ಯಾರು ಬೇಕಾದರೂ ಓದಬಹುದು. ಬಳಕೆದಾರರು ಸಹಿ ನಿರಾಕರಿಸಿದಾಗ ವ್ಯಾಲೆಟ್‌ನಿಂದ ಬರುವ 4001 ಸಂಕೇತವನ್ನು ದೋಷವೆಂದು ಬಿಂಬಿಸದೆ, ಅವರನ್ನು ಸದ್ದಿಲ್ಲದೆ ಹಿಂದಿನ ಪುಟಕ್ಕೆ ಕರೆದೊಯ್ಯುವುದು ಸೌಜನ್ಯ.

ಹೆಚ್ಚಿನ ಎಚ್ಚರ ಬೇಕಾಗುವುದು ಇದರ ನಂತರ. ವಹಿವಾಟು ಕಳುಹಿಸಿದೊಡನೆ ಸಿಗುವ ಹ್ಯಾಶ್ ಕೇವಲ ಗುರುತು, ಯಶಸ್ಸಿನ ಪುರಾವೆಯಲ್ಲ. ಪುಟ ರಿಫ್ರೆಶ್ ಆದರೂ ಜಾಡು ತಪ್ಪದಂತೆ ಅದನ್ನು ಉಳಿಸಿಡಿ. ಇಥೀರಿಯಂನಲ್ಲಿ 12 ಸೆಕೆಂಡಿಗೊಂದು ಸ್ಲಾಟ್ (ಹೊಸ ಬ್ಲಾಕ್ ಸೇರಿಸುವ ಅವಕಾಶ) ಇರುವುದರಿಂದ, ಶುಲ್ಕ ಸಾಕಷ್ಟಿದ್ದರೆ ಸಾಮಾನ್ಯವಾಗಿ ಬೇಗನೆ ರಶೀದಿ ದೊರೆಯುತ್ತದೆ. ಅದರ ಸ್ಥಿತಿ 1 ಇದ್ದರೆ ಕೆಲಸ ನೆರವೇರಿದೆ. 0 ಇದ್ದರೆ ವಿಫಲವಾಗಿದೆ, ಆದರೂ ಗ್ಯಾಸ್ ಖರ್ಚಾಗಿರುತ್ತದೆ. ವಹಿವಾಟು ಸೇರಿದ ಬ್ಲಾಕ್ ಇನ್ನು ಬದಲಾಗದಂತೆ ಅಂತಿಮಗೊಳ್ಳಲು ಸಾಮಾನ್ಯವಾಗಿ ಸುಮಾರು 13 ನಿಮಿಷ ಹಿಡಿಯುವುದರಿಂದ, ದೊಡ್ಡ ಮೊತ್ತದ ವಹಿವಾಟುಗಳಿಗೆ ಅಷ್ಟು ಕಾಯುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಸಾಧ್ಯತೆಯನ್ನು ಹಲವರು ಕಡೆಗಣಿಸುತ್ತಾರೆ. ಬಳಕೆದಾರರು ವ್ಯಾಲೆಟ್‌ನಲ್ಲಿ ಶುಲ್ಕ ಹೆಚ್ಚಿಸಿ ಅದೇ ನಾನ್ಸ್‌ನ (ಆ ಖಾತೆಯ ವಹಿವಾಟಿನ ಕ್ರಮಸಂಖ್ಯೆಯ) ವಹಿವಾಟನ್ನು ಮತ್ತೆ ಕಳುಹಿಸಿ, ಅದು ಬ್ಲಾಕ್ ಸೇರಿದರೆ, ಹಳೆಯ ಹ್ಯಾಶ್‌ಗೆ ರಶೀದಿ ಎಂದಿಗೂ ಬರುವುದಿಲ್ಲ. ಆಗ ಈಥರ್ಸ್ ಎಸೆಯುವ ದೋಷದಲ್ಲೇ ಹೊಸ ವಹಿವಾಟಿನ ವಿವರವಿರುತ್ತದೆ. ಅದು ರದ್ದತಿಯೋ ಶುಲ್ಕ ಹೆಚ್ಚಿಸಿ ಮತ್ತೆ ಕಳುಹಿಸಿದ ಅದೇ ವಹಿವಾಟೋ ಎಂದು ನೋಡಿಕೊಂಡು, ಉಳಿಸಿಟ್ಟ ಹ್ಯಾಶನ್ನು ಬದಲಿಸಿ.