ನಿಧಾನಕ್ಕೆ ಕಲಿಯುವ ಹುಡುಗರಿಗೆ ಹಾಕಿ ಕಲಿಸುತ್ತಾ

ಕೊಡಗಿನಲ್ಲಿ ಮಕ್ಕಳಿಗೆ ಹಾಕಿ ಕಲಿಸುವವರಿಗೆ ಒಂದು ತಲೆನೋವಿದೆ. ಇಲ್ಲಿ ಅಪ್ಪಂದಿರಿಗೆಲ್ಲ ಆಟ ಗೊತ್ತು! 1997ರಲ್ಲಿ ಇಲ್ಲಿಯ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಈಗ ನೂರಾರು ತಂಡಗಳು ಆಡುತ್ತವೆ. ಅದನ್ನು ನೋಡಿಕೊಂಡು ಬಂದವರು ಮರುದಿನವೇ ಕೇಳುತ್ತಾರೆ, "ಸರ್, ನಮ್ಮವನು ಟೀಮಿಗೆ ಬರೋದು ಯಾವಾಗ?"

ಹುಡುಗ ಹಿಂದೆ ಬಿದ್ದಿದ್ದಾನೆ ಅನ್ನಿಸಿದರೆ ನಾನು ಮೊದಲು ಕೇಳುವುದು ಹುಟ್ಟಿದ ತಿಂಗಳು. ವಯಸ್ಸಿನ ವಿಭಾಗದ ಲೆಕ್ಕ ಸಾಮಾನ್ಯವಾಗಿ ಜನವರಿ 1ರಿಂದ. ಜನವರಿಯವನೂ ಡಿಸೆಂಬರಿನವನೂ ಒಂದೇ ಗುಂಪು. ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರ ಏನು ಕಮ್ಮಿಯಾ? ಆಮೇಲೆ ಸ್ಟಿಕ್ ನೋಡುತ್ತೇನೆ. ಎಷ್ಟೋ ಮಕ್ಕಳ ಕೈಯಲ್ಲಿರುವುದು ಅಣ್ಣನದ್ದೋ ಚಿಕ್ಕಪ್ಪನದ್ದೋ 36.5 ಇಂಚಿನ, ದೊಡ್ಡವರ ಅಳತೆಯ ಸ್ಟಿಕ್.

ನನ್ನ ಹತ್ತಿರ ಬಂದ ಒಬ್ಬ ಹುಡುಗನದ್ದೂ ಅದೇ ಕಥೆ. ಬಗ್ಗಿದರೆ ಹಿಡಿಯ ತುದಿ ಹೊಟ್ಟೆಗೆ ಚುಚ್ಚುತ್ತಿತ್ತು. ಅದಕ್ಕೇ ನೆಟ್ಟಗೆ ನಿಂತು ಆಡುತ್ತಿದ್ದ. ಚೆಂಡು ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು, ಕಣ್ಣು ಚೆಂಡು ಬಿಟ್ಟು ಮೇಲೇಳುತ್ತಲೇ ಇರಲಿಲ್ಲ. ಗಿಡ್ಡ ಸ್ಟಿಕ್ ಕೊಟ್ಟೆ. ಹೊಟ್ಟೆಯ ತೊಂದರೆ ಹೋಯಿತು, ರಿವರ್ಸ್, ಅಂದರೆ ಸ್ಟಿಕ್ ಮಗುಚಿ ಎಡಗಡೆಯ ಚೆಂಡು ಆಡುವುದು, ಮಾತ್ರ ಬರಲಿಲ್ಲ. ಹತ್ತಿರ ನಿಂತು ಕೈ ನೋಡಿದೆ. ಸ್ಟಿಕ್ ತಿರುಗಿಸಬೇಕಾದದ್ದು ಮೇಲಿರುವ ಎಡಗೈ. ಬಲಗೈ ಸಡಿಲವಾಗಿದ್ದು, ಅದರೊಳಗೆ ಸ್ಟಿಕ್ ತಿರುಗಬೇಕು. ಇವನು ಬಲಗೈಯಲ್ಲಿ ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದಿದ್ದ.

ಮಳೆಗಾಲ ಶುರುವಾಗಿತ್ತು. ನಮ್ಮ ಮಣ್ಣಿನ ಮೈದಾನ ಆಗ ಕೆಸರುಗದ್ದೆ. ಶಾಲೆಯ ಜಗಲಿಯಲ್ಲೇ ಬಲಗೈ ಬೆನ್ನ ಹಿಂದೆ ಕಟ್ಟಿಸಿ, ಎಡಗೈ ಒಂದರಲ್ಲೇ ಚೆಂಡನ್ನು ಅತ್ತಿತ್ತ ಆಡಿಸು ಅಂದೆ. ಆಮೇಲೆ ಬಲಗೈಯ ಎರಡೇ ಬೆರಳು ತಗಲಿಸಲು ಬಿಟ್ಟೆ. ಉಳಿದ ಹುಡುಗರಿಗೆ ಅದು ಬೇಜಾರಿನ ಕೆಲಸ. ಇವನಿಗೆ ಬೇಜಾರಾಗಲಿಲ್ಲ, ಯಾಕಂದರೆ ಪಕ್ಕದವನ ಜೊತೆ ಪೈಪೋಟಿ ಇರಲಿಲ್ಲ. ಮಳೆ ಕಮ್ಮಿಯಾಗುವ ಹೊತ್ತಿಗೆ ಸ್ಟಿಕ್ ಕೈಯಲ್ಲಿ ಸರಾಗ ತಿರುಗುತ್ತಿತ್ತು. ತಲೆ ಎತ್ತಿ ಯಾರಿಗೆ ಪಾಸ್ ಕೊಡಲಿ ಅಂತ ಹುಡುಕತೊಡಗಿದ.

ಮ್ಯಾಚಿನಲ್ಲಿ ಇಂಥವರನ್ನು ಬೆಂಚಿನ ಮೇಲೆ ಕೂರಿಸುವುದು ನನಗೆ ಹಿಡಿಸಲ್ಲ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಹೊರಗೆ ಬಂದವನು ಮತ್ತೆ ಒಳಗೆ ಹೋಗಬಹುದು. ಅಂದಮೇಲೆ ನಿಧಾನದ ಹುಡುಗನಿಗೆ ಪ್ರತಿ ಕ್ವಾರ್ಟರಿನಲ್ಲಿ ಐದು ನಿಮಿಷ ಕೊಡಲು ಏನಡ್ಡಿ? ಅದೂ ಮಧ್ಯದ ಹಾಫ್ ಜಾಗದಲ್ಲೇ, ಅಂದರೆ ಡಿಫೆಂಡರಿಗೂ ಫಾರ್ವರ್ಡಿಗೂ ನಡುವೆ. ಮೂಲೆಯಲ್ಲಿ ನಿಲ್ಲಿಸಿದರೆ ಚೆಂಡೇ ಸಿಗಲ್ಲ, ಚೆಂಡು ಸಿಗದೆ ಕಲಿಯೋದು ಹೇಗೆ? ಹೀಗೆ ಮಾಡಿ ಕೆಲವು ಮ್ಯಾಚ್ ಸೋತಿದ್ದೇವೆ. ಆ ವಯಸ್ಸಿನ ಕಪ್ಪನ್ನು ನಾನು ಅಷ್ಟೇನೂ ಲೆಕ್ಕಕ್ಕಿಡಲ್ಲ.

ಹದಿಮೂರು, ಹದಿನಾಲ್ಕರಲ್ಲಿ ಇನ್ನೊಂದು ಗೋಳು. ದಿಢೀರ್ ಎತ್ತರ ಆಗುತ್ತಾರೆ, ಬರುವ ಚೆಂಡನ್ನು ಸ್ಟಿಕ್ಕಿನಲ್ಲಿ ಚೆನ್ನಾಗಿ ತಡೆದು ನಿಲ್ಲಿಸುತ್ತಿದ್ದವನೂ ಚೆಂಡು ಬಿಡತೊಡಗುತ್ತಾನೆ. ಆಗ ಹೊಸದೇನೂ ಹೇಳಿಕೊಡುವುದಿಲ್ಲ. ಸುಮ್ನೆ ಹಳೆಯ ಪುಶ್ (ಚೆಂಡಿಗೆ ಸ್ಟಿಕ್ ತಾಗಿಸಿ ತಳ್ಳುವುದು), ಸ್ಟಾಪ್ ಮಾಡಿಸುತ್ತಿರುತ್ತೇನೆ.

ಅವಸರ ಮಾಡುವ ಅಪ್ಪಂದಿರಿಗೆ ನಮ್ಮ ಕೊಡಗಿನವರೇ ಆದ ಎಂ.ಪಿ. ಗಣೇಶ್ ಅವರ ಹೆಸರು ಹೇಳುತ್ತೇನೆ. ಅವರೂ ಶುರುವಿನಲ್ಲಿ ಜಿಲ್ಲೆಗೆ ಆಡಿದ್ದು ಫುಟ್‌ಬಾಲ್. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡಕ್ಕೆ ಅವರೇ ಕ್ಯಾಪ್ಟನ್. ಎಲ್ಲರೂ ಗಣೇಶ್ ಆಗಲ್ಲ, ಅದು ಅಪ್ಪಂದಿರಿಗೂ ಗೊತ್ತು. ಆದರೂ ಆ ಹೆಸರು ಕೇಳಿದರೆ ಒಂದು ಸೀಸನ್ ತಡೆದುಕೊಳ್ಳುತ್ತಾರೆ, ನನಗೆ ಅಷ್ಟು ಸಾಕು.

ಆ ಹುಡುಗ ಈಗ ಶಾಲಾ ತಂಡದಲ್ಲಿ ಲೆಫ್ಟ್ ಹಾಫ್. ಸ್ಟಿಕ್ ಬೀಸಿ ಹೊಡೆಯುವ ಹಿಟ್ ಇನ್ನೂ ಅಷ್ಟಕ್ಕಷ್ಟೆ. ಪುಶ್ ಗಟ್ಟಿಯಿದೆ, ಅದರಲ್ಲೇ ಸಂಭಾಳಿಸುತ್ತಿದ್ದಾನೆ. ಭುಜಕ್ಕೆ ಇನ್ನೊಂಚೂರು ಬಲ ಬಂದ ಮೇಲೆ ಹಿಟ್ ಹಿಡಿಸಬೇಕು.